ಹೊಲಿದ ಕೈಯೇ ಮಾರಲಿ

ಮದ್ರಸದ ರಜೆಯಲ್ಲಿ ಈ ಸಲ ನಾವು ಮೂರು ಮನೆಯವರು ಸೇರಿ ಬಾಗಲಕೋಟೆ ಜಿಲ್ಲೆಯ ಕಡೆಗೆ ಹೋಗಿದ್ದೆವು. ಬಾದಾಮಿ, ಪಟ್ಟದಕಲ್ಲು ನೋಡಿ ಐಹೊಳೆಗೆ ಬರುವಾಗ ಬಿಸಿಲು ನೆತ್ತಿಗೆ ಏರಿತ್ತು. ಮಲಪ್ರಭಾ ಹೊಳೆಯ ಹತ್ತಿರದ ಸಣ್ಣ ಊರು ಅದು. ಹೆಜ್ಜೆಗೊಂದು ಹಳೆಯ ಗುಡಿ. ಅದರಲ್ಲಿ ಒಂದಕ್ಕೆ ಲಾಡ್ ಖಾನ್ ಗುಡಿ ಅಂತಲೇ ಹೆಸರು. ಲಾಡ್ ಖಾನ್ ಎಂಬವರು ಹಿಂದೆ ಅದರಲ್ಲಿ ವಾಸ ಇದ್ದರಂತೆ, ಆ ಹೆಸರು ಹಾಗೇ ಉಳಿಯಿತಂತೆ. ಗುಡ್ಡದ ಮೇಲಿನ ಮೇಗುತಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಉಂಟು. ಇಮ್ಮಡಿ ಪುಲಕೇಶಿಯ ಬಗ್ಗೆ ನಾವು ಶಾಲೆಯಲ್ಲಿ ಕಲಿತದ್ದರಲ್ಲಿ ಬಹಳಷ್ಟು ಆ ಕಲ್ಲಿನಿಂದ ಬಂದದ್ದು.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ರಾಜರ ಸುದ್ದಿಯಲ್ಲ, ವ್ಯಾಪಾರಿಗಳ ಸುದ್ದಿ. ಐಹೊಳೆಯ ಹಳೆಯ ಹೆಸರು ಅಯ್ಯಾವೊಳೆ. ಆ ಊರಿನ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಕೂಟ ದಕ್ಷಿಣ ಭಾರತವನ್ನೆಲ್ಲ ಸುತ್ತಿದೆ, ಸಿಂಹಳಕ್ಕೆ ಹೋಗಿದೆ, ಕಡಲು ದಾಟಿದೆ. ಸುಮಾತ್ರಾ ದ್ವೀಪದ ಬಾರೂಸ್ ಎಂಬಲ್ಲಿ 1088ರ ಒಂದು ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರು ಸಿಕ್ಕಿದೆ. ಎತ್ತು, ಕತ್ತೆಗಳ ಮೇಲೆ ಮೂಟೆ ಹೇರಿ ಹೊರಟವರು ತಮ್ಮ ಊರಿನ ಹೆಸರನ್ನು ಎಲ್ಲಿಯವರೆಗೆ ಮುಟ್ಟಿಸಿದರು ನೋಡಿ.

ನಮಗೂ ಇದು ದೂರದ ಕಥೆ ಅಲ್ಲ. ಬ್ಯಾರಿ ಎಂಬ ನಮ್ಮ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದು ಅಂತ ಬಲ್ಲವರು ಹೇಳುತ್ತಾರೆ. ನಮ್ಮ ಕರಾವಳಿಯ ಶಾಸನಗಳಲ್ಲಿ ಬರುವ 'ಹಂಜಮಾನ' ಎಂಬುದು ಪಶ್ಚಿಮ ಕಡಲಾಚೆಯಿಂದ ಬಂದ ವರ್ತಕರ ಕೂಟ ಎಂದು ಇತಿಹಾಸಕಾರರು ಬರೆದಿದ್ದಾರೆ. ವ್ಯಾಪಾರ ನಮ್ಮ ಹೆಸರಿನಲ್ಲೇ ಉಂಟು. ಆದರೆ ಆ ಹೆಸರಿನ ಅರ್ಧ ಪಾಲು, ಅಂದರೆ ನಮ್ಮ ಮನೆಯ ಹೆಂಗಸರ ಪಾಲು ಎಲ್ಲಿ ಹೋಯಿತು? ಈ ವಾರ ಬರೆಯಬೇಕು ಅನಿಸಿದ್ದು ಈ ಪ್ರಶ್ನೆಯನ್ನು. ಪ್ರಶ್ನೆ ಹುಟ್ಟಿದ್ದು ಮಾತ್ರ ಐಹೊಳೆಯಲ್ಲಿ ಅಲ್ಲ, ಅಲ್ಲಿಂದ ಮುಂದಿನ ದಾರಿಯಲ್ಲಿ.

ಐಹೊಳೆಯಿಂದ ಅಮೀನಗಡ, ಹುನಗುಂದ ದಾಟಿದರೆ ಇಳಕಲ್. ಅಮೀನಗಡದಲ್ಲಿ ಬಸ್ಸು, ಕಾರು ನಿಲ್ಲಿಸಿ ಜನ ಕರದಂಟು ಕೊಳ್ಳುತ್ತಾರೆ. ಗೋಂದು, ಬೆಲ್ಲ, ಒಣಹಣ್ಣಿನ ತಿಂಡಿ. ಬರೇ ಸಿಹಿ ಅಂತ ಯಾರೂ ಕೇಳುವುದಿಲ್ಲ, 'ಅಮೀನಗಡದ ಕರದಂಟು' ಅಂತಲೇ ಕೇಳುತ್ತಾರೆ. ಊರಿನ ಹೆಸರು ಸೇರಿದ ಮೇಲೆ ತಿಂಡಿಗೆ ಬೆಲೆ ಬೇರೆ. ಇಳಕಲ್ ಸೀರೆಯದ್ದೂ ಹಾಗೆಯೇ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವ ಟೋಪ ತೆನಿ ಸೆರಗು ಆ ಸೀರೆಯ ಗುರುತು. ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಕೂಡ ಅದಕ್ಕೆ ಸಿಕ್ಕಿದೆ. ಬೇರೆ ಊರಿನಲ್ಲಿ ನೇಯ್ದದ್ದನ್ನು ಇಳಕಲ್ ಸೀರೆ ಅಂತ ಮಾರುವ ಹಾಗಿಲ್ಲ.

ಅಲ್ಲಿ ಪರಿಚಯದವರ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ನಾವು ಗಂಡಸರು ಜಗಲಿಯಲ್ಲಿ, ನಮ್ಮ ಮನೆಯವರು ಒಳಗೆ. ಪಕ್ಕದ ಮನೆಯ ಹೆಂಗಸೊಬ್ಬರು ಸೀರೆಗೆ ಕಸೂತಿ ಹಾಕುತ್ತಾ ಕೂತಿದ್ದರು. ಕಸೂತಿ ಅಂದರೆ ಕೈ ಮತ್ತು ಸೂತಿ, ಕೈಯಿಂದ ನೂಲಿನಲ್ಲಿ ಮಾಡಿದ ಕೆಲಸ ಅಂತ ಅರ್ಥ ಹೇಳುತ್ತಾರೆ. ಧಾರವಾಡದ ಕಡೆ ಇದು ಇನ್ನೂ ಹೆಚ್ಚು. ಹಿಂದೆ ಆ ಭಾಗದಲ್ಲಿ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಬೇಕೇ ಬೇಕಿತ್ತಂತೆ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳುವ ಕ್ರಮ ಇಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಒಂದು ಎಳೆ ತಪ್ಪಿದರೆ ಇಡೀ ಚಿತ್ತಾರ ಓರೆ.

ಆ ಹೆಂಗಸು ಬಟ್ಟೆ ತಿರುಗಿಸಿ ತೋರಿಸಿದರಂತೆ. "ಇದಕ ಗಂಟ ಇರಂಗಿಲ್ರೀ ಅಕ್ಕಾರ. ಹಿಂದ ನೋಡ್ರಿ, ಮುಂದ ನೋಡ್ರಿ, ಎರಡೂ ಒಂದ." ಗವಂತಿ ಹೊಲಿಗೆ ಹಾಗೆಯೇ, ಎರಡೂ ಮಗ್ಗುಲಲ್ಲಿ ಒಂದೇ ರೂಪ.

ಇದಕ್ಕೆ ಎಷ್ಟು ಸಿಗುತ್ತದೆ ಅಂತ ನಮ್ಮ ಮನೆಯವರು ಕೇಳಿದರು. "ಕೈಕೂಲಿ ಕೊಡ್ತಾರ್ರೀ, ಅಷ್ಟ. ಯಾರ್ ಒಯ್ತಾರೋ, ಎಲ್ಲಿ ಮಾರ್ತಾರೋ ನಮಗೇನ್ ಗೊತ್ರೀ?" ಅಂದರು. ಆಮೇಲೆ ಏನೋ ನೆನಪಾಗಿ ನಕ್ಕರಂತೆ. ಒಮ್ಮೆ ಮಾತ್ರ ಸ್ವಸಹಾಯ ಸಂಘದವರ ಜೊತೆ ಹುಬ್ಬಳ್ಳಿಯ ಒಂದು ಮೇಳದಲ್ಲಿ ಮೂರು ದಿನ ಅಂಗಡಿ ಹಾಕಿ ಕೂತಿದ್ದರು. "ಅಲ್ಲಿ ಒಬ್ಬಾಕಿ ಬಂದು ಈ ಚಿತ್ತಾರಕ್ಕ ಏನಂತಾರ, ಯಾರ್ ಕಲಿಸಿದ್ರು, ಎಷ್ಟ ದಿನಾ ಹಿಡೀತು ಅಂತ ಕೇಳಿದ್ಲ್ರೀ. ಇಪ್ಪತ್ತ ವರ್ಷದಾಗ ನನಗ ಹಂಗ ಯಾರೂ ಕೇಳಿರ್ಲಿಲ್ಲ."

ಊರಿಗೆ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಇದೇ ಮಾತು. ಇಪ್ಪತ್ತು ವರ್ಷ ಎಳೆ ಎಣಿಸಿದವರಿಗೆ ತನ್ನ ಕೆಲಸದ ಬೆಲೆ ಎಷ್ಟು ಅಂತ ತಿಳಿದದ್ದು ಮೂರು ದಿನ ಒಂದು ಮೇಜಿನ ಹಿಂದೆ ಕೂತಾಗ.

ಈಗ ನಮ್ಮ ಕಡೆ ನೋಡುವ. ನಮ್ಮ ಉಮ್ಮಂದಿರ ಕಾಲದಲ್ಲಿ ಮಗ್ರಿಬ್ ಆದ ಮೇಲೂ ಚಿಮಿಣಿ ದೀಪದ ಬೆಳಕಿನಲ್ಲಿ ಬೀಡಿ ಕಟ್ಟುತ್ತಿದ್ದರು. ನಮ್ಮಲ್ಲಿ ಎಷ್ಟೋ ಜನರ ಶಾಲೆಯ ಫೀಸು, ಮದ್ರಸದ ಕಿತಾಬು ಬಂದದ್ದು ಆ ಬೀಡಿಯಿಂದ. ಈಗ ಬೀಡಿ ಕೆಲಸ ಕಡಿಮೆಯಾಗುತ್ತಾ ಬಂತು, ಆರೋಗ್ಯದ ದೃಷ್ಟಿಯಿಂದ ಅದು ಹೋಗುವುದೇ ಒಳ್ಳೆಯದು. ಅದರ ಜಾಗಕ್ಕೆ ಎಂತ ಬಂತು? ಹೊಲಿಗೆ ಯಂತ್ರ ಬಂತು, ಆರಿ ಕೆಲಸ ಬಂತು. ಮದುವೆಯ ಬ್ಲೌಸಿಗೆ, ಬುರ್ಖಾದ ತೋಳಿಗೆ, ಶಾಲಿನ ಅಂಚಿಗೆ ಮಣಿ, ನೂಲು, ಜರಿ ಹಾಕುವ ಹುಡುಗಿಯರು ಈಗ ಪ್ರತಿ ಮೊಹಲ್ಲಾದಲ್ಲಿ ಇದ್ದಾರೆ. ಪಿಯುಸಿ, ಡಿಗ್ರಿ ಮಾಡಿದವರೂ ಇದ್ದಾರೆ. ಕೈ ಚುರುಕು, ಕಣ್ಣು ಚುರುಕು.

ಆದರೆ ಒಂದು ವ್ಯತ್ಯಾಸ ಉಂಟು. ಬೀಡಿ ಕಟ್ಟುವವರಿಗೆ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟಿದರೂ ಲೆಕ್ಕದ ಪುಸ್ತಕ ಇತ್ತು, ಆಮೇಲೆ ಪಿಎಫ್ ಬಂತು. ಬ್ರಾಂಚಿನವನು ಮೋಸ ಮಾಡಿದರೆ ಕೇಳಲಿಕ್ಕೆ ಒಂದು ಕಾಗದ ಇತ್ತು. ಸೂಜಿ ಹಿಡಿದ ನಮ್ಮ ಹುಡುಗಿಯರಿಗೆ ಯಾವ ಪುಸ್ತಕವೂ ಇಲ್ಲ. ಅಂಗಡಿಯವರು ಬಟ್ಟೆ ಕೊಡುತ್ತಾರೆ, ಕೆಲಸ ಆದ ಮೇಲೆ ಇಷ್ಟು ಅಂತ ಕೊಡುತ್ತಾರೆ. ನಮ್ಮ ಹತ್ತಿರದ ಮನೆಯ ಒಬ್ಬಳು ಹುಡುಗಿ ನಾಲ್ಕು ದಿನ ಕೂತು ಒಂದು ಬ್ಲೌಸಿಗೆ ಕೆಲಸ ಹಾಕಿ ಆರುನೂರು ರೂಪಾಯಿ ತಂದಳು. ಕೆಲವು ದಿನದ ನಂತರ ಒಂದು ಮದುವೆಯಲ್ಲಿ ಅದೇ ಬ್ಲೌಸನ್ನು ಕಂಡಳು. ಹಾಕಿಕೊಂಡವರು ಬರೇ ಕೈಕೆಲಸಕ್ಕೇ ಎರಡೂವರೆ ಸಾವಿರ ಕೊಟ್ಟಿದ್ದರಂತೆ. ಹುಡುಗಿ ಬಾಯಿ ಬಿಡಲಿಲ್ಲ. ಮನೆಗೆ ಬಂದು ಉಮ್ಮನ ಹತ್ತಿರ ಹೇಳಿ ಅತ್ತಳು.

ಅಂಗಡಿಯವರಿಗೆ ಬಾಡಿಗೆ, ಕರೆಂಟು, ಆಳುಗಳ ಸಂಬಳ ಉಂಟು ಎಂಬುದು ನಮಗೂ ಗೊತ್ತು. ವ್ಯಾಪಾರಿಗೆ ಲಾಭ ಬೇಡ ಅಂತ ಬ್ಯಾರಿಗಳಾದ ನಾವು ಹೇಳಲಿಕ್ಕಿಲ್ಲ. ಆದರೆ ಬೆಲೆ ಎಷ್ಟು ಅಂತ ಗೊತ್ತಿಲ್ಲದೆ ಒಪ್ಪಿಕೊಳ್ಳುವುದು ಬೇರೆ, ಗೊತ್ತಿದ್ದು ಒಪ್ಪಿಕೊಳ್ಳುವುದು ಬೇರೆ. ಮೊದಲಿನದ್ದರಲ್ಲಿ ಹುಡುಗಿ ಕೂಲಿಯಾಳು. ಎರಡನೆಯದ್ದರಲ್ಲಿ ಅವಳು ಸರೀಕಳು.

ಕೈಕೆಲಸಕ್ಕೆ ಹೆಸರು ಇಲ್ಲದಿದ್ದರೆ ಅದು ಹೇಗೆ ಕರಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ, ಕಾಸರಗೋಡಿನ ತಳಂಗರೆ ಟೋಪಿ ಸಾಕು. ಕೈಯಲ್ಲಿ ಹೊಲಿದ ಆ ಬಿಳಿ ಟೋಪಿ ಒಂದು ಕಾಲದಲ್ಲಿ ಗಲ್ಫ್ ದೇಶಗಳಿಗೆ ಹೋಗುತ್ತಿತ್ತು. ಮನೆಮನೆಯಲ್ಲಿ ಹೊಲಿಯುತ್ತಿದ್ದರು. ಯಂತ್ರದ ಅಗ್ಗದ ಟೋಪಿ ಬಂದ ಮೇಲೆ ಹೊಲಿಯುವವರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಕೈಟೋಪಿಗೂ ಯಂತ್ರದ ಟೋಪಿಗೂ ಏನು ವ್ಯತ್ಯಾಸ ಅಂತ ಕೊಳ್ಳುವವನ ಎದುರು ಕೂತು ಹೇಳುವವರು ಇರಲಿಲ್ಲ. ನಾವೂ ಪೆರ್ನಾಳಿಗೆ ಅಗ್ಗದ್ದನ್ನೇ ಕೊಂಡೆವು.

ಇನ್ನೊಂದು ಉದಾಹರಣೆಯನ್ನೂ ನೋಡಿ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿ ಉಂಟು. ಕನ್ನಡಿ, ಕವಡೆ, ಬಣ್ಣದ ನೂಲು. ಒಂದು ಕಾಲದಲ್ಲಿ ಅದು ತಾಂಡಾದ ಹೆಂಗಸರ ಉಡುಪಿನಲ್ಲಿ ಮಾತ್ರ ಇತ್ತು. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಅವರೆಲ್ಲ ಒಟ್ಟಾದರು, ಜಿಐ ಮಾನ್ಯತೆಯೂ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಲಂಬಾಣಿ ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಒಬ್ಬೊಬ್ಬರೇ ಮನೆಯಲ್ಲಿ ಕೂತಿದ್ದರೆ ಇದು ಆಗುತ್ತಿತ್ತಾ?

ಹಾಗಾದರೆ ನಮ್ಮ ಹೆಂಗಸರು ಮೇಳಕ್ಕೆ ಹೋಗಿ ಅಂಗಡಿ ಹಾಕಬೇಕಾ? ಈ ಮಾತು ಬಂದ ಕೂಡಲೇ ನಮ್ಮಲ್ಲಿ ಕೆಲವರು ಮುಖ ಗಂಟು ಹಾಕುತ್ತಾರೆ. "ಉಸ್ತಾದರೇ, ನೀವೇ ಹೀಗೆ ಹೇಳಿದರೆ ಹೇಗೆ? ಸಂತೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸುವುದಾ?" ಅಂತ ಕೇಳುತ್ತಾರೆ. ಕೇಳುವವರ ಕಾಳಜಿಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಅದೇ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗ್ಗಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ, ಜವಳಿ ಅಂಗಡಿಯಲ್ಲಿ ರಾತ್ರಿ ಒಂಬತ್ತರ ತನಕ ನಿಂತು ಸೀರೆ ಬಿಡಿಸುವಾಗ ಈ ಪ್ರಶ್ನೆ ಬರುವುದಿಲ್ಲ. ಬೇರೆಯವರ ಸಾಮಾನು ಮಾರಬಹುದು, ತನ್ನದನ್ನು ಮಾರಬಾರದು ಅಂದರೆ ಅದು ಯಾವ ನ್ಯಾಯ?

ಉಮ್ಮುಲ್ ಮುಅ್‌ಮಿನೀನ್ ಖದೀಜಾ (ರ) ಅವರ ಹೆಸರು ಹೇಳಿದರೆ, "ಅವರು ಸ್ವತಃ ಶಾಮಿಗೆ ಹೋಗಲಿಲ್ಲ, ಜನ ಕಳಿಸಿದರು" ಎಂಬ ಉತ್ತರ ಬರುತ್ತದೆ. ಸರಿ, ಒಪ್ಪುವ. ಆದರೆ ಬಂಡವಾಳ ಯಾರದ್ದು? ಒಪ್ಪಂದ ಮಾಡಿದವರು ಯಾರು? ಸರಕು ಮಾರಿ ಬಂದ ಮೇಲೆ ಲಾಭ ಯಾರ ಕೈ ಸೇರಿತು? ಝೈನಬ್ ಬಿಂತ್ ಜಹ್ಶ್ (ರ) ಅವರು ಚರ್ಮ ಹದ ಮಾಡಿ, ಹೊಲಿದು, ತಮ್ಮ ಕೈಯ ದುಡಿಮೆಯನ್ನು ಬಡವರಿಗೆ ಕೊಡುತ್ತಿದ್ದರು ಎಂಬುದನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಹೆಣ್ಣು ದುಡಿದದ್ದು ಹೆಣ್ಣಿನದ್ದೇ ಎಂಬುದು ನಮ್ಮ ದೀನಿನಲ್ಲಿ ಸ್ಪಷ್ಟ ಉಂಟು. ಮೇಳದಲ್ಲಿ ತಾನೇ ಕೂರುತ್ತಾಳಾ, ತಮ್ಮನನ್ನೋ ಮಗನನ್ನೋ ಕೂರಿಸುತ್ತಾಳಾ, ಅದು ಆಯಾ ಮನೆಯವರು ಕೂತು ಮಾತಾಡಿಕೊಳ್ಳಲಿ. ಆದರೆ ಲೆಕ್ಕದ ಪುಸ್ತಕ ಅವಳ ಕೈಯಲ್ಲಿರಲಿ. ಕ್ಯೂಆರ್ ಕೋಡ್ ಅವಳ ಬ್ಯಾಂಕ್ ಖಾತೆಯದ್ದಾಗಿರಲಿ. ಇದರಲ್ಲಿ ಮಾತ್ರ ರಾಜಿ ಬೇಡ.

ಇನ್ನು ಕೆಲಸದ ಮಾತು. ಮೇಳದಲ್ಲಿ ಅಂಗಡಿ ಹಾಕುವುದು ಅಂದರೆ ಮೇಜು ಇಟ್ಟು ಬಟ್ಟೆ ಹರವುವುದು ಅಷ್ಟೇ ಅಲ್ಲ.

ಮೊದಲನೆಯದ್ದು ಬೆಲೆ. ನಮ್ಮ ಹುಡುಗಿಯರು ಬಟ್ಟೆ, ನೂಲಿನ ಖರ್ಚು ಲೆಕ್ಕ ಹಾಕುತ್ತಾರೆ, ತಮ್ಮ ಹೊತ್ತನ್ನು ಲೆಕ್ಕ ಹಾಕುವುದಿಲ್ಲ. ಒಂದು ಉದಾಹರಣೆ ಮಾಡಿ ನೋಡುವ. ಕೈಕಸೂತಿಯ ಒಂದು ಮೇಜಿನ ಹಾಸು. ಬಟ್ಟೆ 150 ರೂಪಾಯಿ, ನೂಲು 50. ಹದಿನೈದು ಗಂಟೆಯ ಕೆಲಸ, ಗಂಟೆಗೆ 50ರಂತೆ 750. ಒಟ್ಟು 950. ಮೂರು ದಿನದ ಮೇಳಕ್ಕೆ ಸ್ಟಾಲಿನ ಬಾಡಿಗೆ 3,000, ಬಸ್ಸಿಗೆ 800, ಊಟ ತಿಂಡಿಗೆ 700 ಅಂದರೆ 4,500 ಆಯಿತು. ಮೂವತ್ತು ಹಾಸು ತೆಗೆದುಕೊಂಡು ಹೋದರೆ ಒಂದರ ಮೇಲೆ 150 ಬೀಳುತ್ತದೆ. ಅರ್ಧ ಮಾತ್ರ ಮಾರಿದರೆ 300 ಬೀಳುತ್ತದೆ. ಹಾಗಾಗಿ 1,250ಕ್ಕೆ ಮಾರಿದರೆ ಅರ್ಧ ಉಳಿದರೂ ಮೇಳದ ಖರ್ಚು ಕೈಯಿಂದ ಹೋಗುವುದಿಲ್ಲ. ಈ ಲೆಕ್ಕ ಮಾಡದೆ "ಆಯಿತು, ಐನೂರು ಕೊಡಿ" ಅಂದರೆ ಅವಳು ಮಾರಿದ್ದು ಹಾಸು ಅಲ್ಲ, ತನ್ನ ಎರಡು ದಿನದ ನಿದ್ದೆ.

ಎರಡನೆಯದ್ದು, ಎಲ್ಲವೂ ದೊಡ್ಡದಾಗಿರಬಾರದು. ಮೇಳಕ್ಕೆ ಬರುವವರಲ್ಲಿ ಸಾವಿರ ಕೊಡುವವರು ಕೆಲವರು, ನೂರು ಇನ್ನೂರು ಕೊಡುವವರು ಹಲವರು. ಕೈವಸ್ತ್ರ, ಪುಸ್ತಕದ ಗುರುತುಪಟ್ಟಿ, ಸಣ್ಣ ಪರ್ಸು, ಮಕ್ಕಳ ಟೋಪಿ, ಮುಸಲ್ಲಾದ ಅಂಚಿನ ಕೆಲಸ, ಇಂಥವು ಮುಂದಿರಲಿ. ಸಣ್ಣದನ್ನು ಕೊಳ್ಳಲಿಕ್ಕೆ ನಿಂತವರು ದೊಡ್ಡದನ್ನು ನೋಡುತ್ತಾರೆ. ಮಡಚಿ ಪೇರಿಸಿ ಇಟ್ಟರೆ ಯಾರೂ ಕೈ ಹಾಕುವುದಿಲ್ಲ, ಒಂದೆರಡನ್ನಾದರೂ ಹಗ್ಗಕ್ಕೆ ತೂಗಹಾಕಿ. ಸಂಜೆ ಬೆಳಕು ಕಡಿಮೆಯಾದರೆ ಕೈಕೆಲಸ ಕಾಣುವುದಿಲ್ಲ, ಒಂದು ಬಲ್ಬು, ಉದ್ದದ ವಯರು ಜೊತೆಗಿರಲಿ. ಚಿಲ್ಲರೆ ಇರಲಿ, ನೆಟ್‌ವರ್ಕ್ ಕೈಕೊಡುವುದು ಮೇಳದಲ್ಲೇ. ಎಲ್ಲಕ್ಕಿಂತ ಮುಖ್ಯ, ಕೂತಲ್ಲಿ ಸುಮ್ಮನೆ ಮೊಬೈಲ್ ನೋಡುವ ಬದಲು ಸೂಜಿ ಹಿಡಿದು ಕೂರಲಿ. ಕಣ್ಣೆದುರಿಗೆ ಹೊಲಿಯುವುದನ್ನು ಕಂಡವರು ಬೆಲೆ ಕೇಳುವ ದನಿಯೇ ಬೇರೆ.

ಮೂರನೆಯದ್ದು ಕಾಗದಪತ್ರ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೈಕೆಲಸದವರಿಗೆ 'ಪೆಹಚಾನ್' ಎಂಬ ಗುರುತಿನ ಚೀಟಿ ಕೊಡುತ್ತದೆ. ಸರಕಾರದ ಮೇಳಗಳಲ್ಲಿ ಸ್ಟಾಲು ಕೇಳುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳಲ್ಲಿ ಇರುವವರಿಗೆ ಸರಸ್ ಮೇಳದ ದಾರಿ ಉಂಟು. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ 2016ರಲ್ಲಿ ಹುನರ್ ಹಾಟ್ ಎಂಬ ಮೇಳಗಳನ್ನು ಶುರು ಮಾಡಿತು. ಅಲ್ಲಿ ಲಕ್ನೋದ ಚಿಕನ್ ಕೆಲಸದವರು, ಕಾಶ್ಮೀರದ ಶಾಲಿನವರು ಬಂದು ಕೂತರು. ನಮ್ಮ ಕರಾವಳಿಯ ಹೆಂಗಸರ ಮೇಜು ಅಂಥಲ್ಲಿ ಎಷ್ಟು ಇತ್ತು? ಜಿಎಸ್‌ಟಿ ಎಂಬ ಹೆಸರು ಕೇಳಿಯೇ ಹೆದರುವವರು ಇದ್ದಾರೆ. ಕೈಕಸುಬಿನ ಸಾಮಾನಿನ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದಿದ್ದರೆ ಬೇರೆ ರಾಜ್ಯದ ಮೇಳದಲ್ಲಿ ಮಾರಿದರೂ ನೋಂದಣಿ ಕಡ್ಡಾಯ ಇಲ್ಲ. ಪಾನ್ ಕಾರ್ಡ್ ಬೇಕು, ಸಾಮಾನು ಸಾಗಿಸುವಾಗ ಇ-ವೇ ಬಿಲ್ ಬೇಕು. ನಮ್ಮಲ್ಲಿ ಬಿಕಾಂ ಮಾಡಿದ ಹುಡುಗರು ಬೇಕಾದಷ್ಟು ಇದ್ದಾರೆ. ಮೊಹಲ್ಲಾಕ್ಕೆ ಒಬ್ಬ ಒಂದು ಭಾನುವಾರ ಕೂತು ಈ ಕಾಗದಗಳನ್ನು ಮಾಡಿಕೊಟ್ಟರೆ ಅದೂ ಒಂದು ಸದಕಾ.

ನಾಲ್ಕನೆಯದ್ದು, ಒಬ್ಬಳೇ ಹೋಗಬೇಡಿ. ಐದು ಜನ ಸೇರಿ ಒಂದು ಸ್ಟಾಲು ಹಾಕಿ. ಒಬ್ಬಳು ನಮಾಝಿಗೆ ಎದ್ದಾಗ ಇನ್ನೊಬ್ಬಳು ಇರುತ್ತಾಳೆ. ಒಬ್ಬಳ ಮಗು ಅತ್ತರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಬಾಡಿಗೆ ಐದು ಪಾಲಾಗುತ್ತದೆ. ಆದರೆ ಯಾರ ಸಾಮಾನು ಎಷ್ಟು ಹೋಯಿತು ಅಂತ ಅವತ್ತಿಂದವತ್ತಿಗೆ ಬರೆದಿಡಿ. ನೆಂಟರ ನಡುವೆಯೂ ಲೆಕ್ಕ ಚೊಕ್ಕ ಇರಬೇಕು, ಇಲ್ಲದಿದ್ದರೆ ಎರಡನೇ ಮೇಳಕ್ಕೆ ಐದು ಜನ ಇರುವುದಿಲ್ಲ.

ಕೊನೆಯದ್ದು ಮತ್ತು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಸತ್ಯ. ಈಗ ಕಂಪ್ಯೂಟರ್ ಯಂತ್ರ ಅರ್ಧ ಗಂಟೆಯಲ್ಲಿ ಹಾಕುವ ಚಿತ್ತಾರವನ್ನು 'ಕೈಕಸೂತಿ' ಅಂತ ಮಾರುವವರು ಇದ್ದಾರೆ. ಯಂತ್ರದ ಕೆಲಸ ಹರಾಮಲ್ಲ, ಅದನ್ನು ಕೈಯದ್ದು ಅಂತ ಹೇಳುವುದು ಮೋಸ. ಕಸೂತಿಗೆ ಜಿಐ ಮಾನ್ಯತೆ ಉಂಟು. ನಮ್ಮ ಆರಿ ಕೆಲಸಕ್ಕೆ 'ಕಸೂತಿ' ಅಂತ ಚೀಟಿ ಅಂಟಿಸಿದರೆ ಇಳಕಲ್ಲಿನ, ಧಾರವಾಡದ ಆ ಹೆಂಗಸರ ಅನ್ನಕ್ಕೆ ನಾವು ಕೈ ಹಾಕಿದ ಹಾಗೆ. ನಮ್ಮದು ನಮ್ಮದೇ ಹೆಸರಿನಲ್ಲಿ ಹೋಗಲಿ. ಬಣ್ಣ ಬಿಡುವ ನೂಲಾದರೆ ಮೊದಲೇ ಹೇಳಿ. ಎಲ್ಲಿಯಾದರೂ ಹೊಲಿಗೆ ತಪ್ಪಿದ್ದರೆ ತೋರಿಸಿ ಬೆಲೆ ಇಳಿಸಿ. ಒದ್ದೆಯಾದ ಧಾನ್ಯವನ್ನು ರಾಶಿಯ ಅಡಿಯಲ್ಲಿ ಅಡಗಿಸಿದ ವ್ಯಾಪಾರಿಯನ್ನು ಪ್ರವಾದಿ (ಸ) ಅವರು ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತುಂಟು. ಗವಂತಿ ಹೊಲಿಗೆಯ ಹಾಗೆ ಹಿಂದೆ ನೋಡಿದರೂ ಮುಂದೆ ನೋಡಿದರೂ ಒಂದೇ ಇದ್ದರೆ ಆ ವ್ಯಾಪಾರಕ್ಕೆ ಬರ್ಕತ್ ಉಂಟು, ಗಿರಾಕಿಯೂ ತಿರುಗಿ ಬರುತ್ತಾನೆ.

ಮಾರುವವರಿಗೆ ಇಷ್ಟು ಹೇಳಿದ ಮೇಲೆ ಕೊಳ್ಳುವ ನಮಗೂ ಸ್ವಲ್ಪ ಹೇಳಿಕೊಳ್ಳಬೇಕು. ಮಂಗಳೂರಿನ ಕರಾವಳಿ ಉತ್ಸವ ಮೈದಾನದಲ್ಲಿ ವಸ್ತುಪ್ರದರ್ಶನ ಇದ್ದಾಗ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ತಿನ್ನುವುದಕ್ಕೆ, ತೊಟ್ಟಿಲು ಹತ್ತುವುದಕ್ಕೆ ಕೇಳಿದಷ್ಟು ಕೊಡುತ್ತೇವೆ. ಕೈಕೆಲಸದ ಮೇಜಿನ ಮುಂದೆ ನಿಂತು ಮಾತ್ರ, "ಎಂತ ಮಾರಾಯ್ತಿ, ಇದಕ್ಕೆ ಇಷ್ಟಾ? ಅರ್ಧಕ್ಕೆ ಕೊಡು" ಅನ್ನುತ್ತೇವೆ. ಮಾಲಿನಲ್ಲಿ ಚೀಟಿ ನೋಡಿ ಬಾಯಿ ಮುಚ್ಚಿ ಕೊಡುವ ನಾವು ಹದಿನೈದು ಗಂಟೆ ಕಣ್ಣು ಕೆಂಪು ಮಾಡಿಕೊಂಡವಳ ಹತ್ತಿರ ಚೌಕಾಸಿ ಮಾಡುತ್ತೇವೆ. ಬೆಲೆ ಆಗದಿದ್ದರೆ ಕೊಳ್ಳಬೇಡಿ, ಚಂದ ಉಂಟು ಅಂತ ಹೇಳಿ ಮುಂದೆ ಹೋಗಿ. ಅವಮಾನ ಮಾಡಬೇಡಿ.

ಇನ್ನು ಜಮಾಅತಿನ ಹಿರಿಯರಿಗೆ ಒಂದು ಮಾತು. ದಿಲ್ಲಿ ಹಾಟ್, ಸೂರಜ್‌ಕುಂಡ್ ಮೇಳ ಇವೆಲ್ಲ ದೊಡ್ಡ ಹೆಸರುಗಳು. ನಮ್ಮ ಹುಡುಗಿಯರಿಗೆ ಮೊದಲ ಮೇಜು ಅಷ್ಟು ದೂರ ಬೇಡ. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಶುರುವಾದರೆ ವಾರಗಟ್ಟಲೆ ಅಂಗಡಿಗಳು ಇರುತ್ತವೆ, ಸುತ್ತಲಿನ ಜನ ತಮ್ಮ ಸಾಮಾನು ತಂದು ಮಾರುತ್ತಾರೆ. ನಮ್ಮಲ್ಲೂ ಜನ ಸೇರುವ ಜಾಗಗಳಿಗೆ ಕಡಿಮೆ ಇಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಉಳ್ಳಾಲದ ಉರೂಸಿಗೆ ಎಷ್ಟು ದೂರದಿಂದ ಜನ ಬರುತ್ತಾರೆ! ಊರೂರಿನಲ್ಲಿ ಮೀಲಾದ್ ಕಾರ್ಯಕ್ರಮ, ಮದ್ರಸದ ವಾರ್ಷಿಕೋತ್ಸವ, ಶಾಲೆಯ ಪ್ರತಿಭಾ ದಿನ, ಸಾಮೂಹಿಕ ವಿವಾಹ. ಐಸ್‌ಕ್ರೀಮಿನವನಿಗೆ ಜಾಗ ಸಿಗುತ್ತದೆ, ಆಟದ ಸಾಮಾನಿನವನಿಗೆ ಜಾಗ ಸಿಗುತ್ತದೆ, ಅತ್ತರಿನವನಿಗೆ ಜಾಗ ಸಿಗುತ್ತದೆ. ಹೆಂಗಸರು ಕೂರುವ ಕಡೆಯಲ್ಲೇ ನಾಲ್ಕು ಮೇಜು ಹಾಕಿ, ಬಾಡಿಗೆ ತೆಗೆದುಕೊಳ್ಳದೆ ನಮ್ಮ ಮೊಹಲ್ಲಾದ ಹೊಲಿಯುವ ಹುಡುಗಿಯರಿಗೆ ಬಿಟ್ಟುಕೊಟ್ಟರೆ ಕಮಿಟಿಗೆ ಏನು ನಷ್ಟ? ಅಲ್ಲಿ ಬೆಲೆ ಹೇಳಿ ಅಭ್ಯಾಸ ಆದವಳು ನಾಳೆ ಮಂಗಳೂರಿನಲ್ಲಿ ಹೇಳುತ್ತಾಳೆ, ನಾಡಿದ್ದು ಬೆಂಗಳೂರಿನಲ್ಲಿ ಹೇಳುತ್ತಾಳೆ.

ಬ್ಲೌಸ್ ಕಂಡು ಮನೆಗೆ ಬಂದು ಅತ್ತ ಆ ಹುಡುಗಿಯ ಬಾಪನನ್ನು ಮೊನ್ನೆ ಜುಮುಅ ಮುಗಿಸಿ ಬರುವಾಗ ಮಾತಾಡಿಸಿದೆವು. "ಅವಳಿಗೆ ಆಸೆ ಉಂಟು ಉಸ್ತಾದ್. ಆದರೆ ಎಲ್ಲಿ ಅಂತ ಕೂರುವುದು?" ಅಂದರು. ನಮ್ಮ ಮದ್ರಸದ ಮುಂದಿನ ವಾರ್ಷಿಕೋತ್ಸವದ ದಿನ ಒಂದು ಮೇಜು ಅವಳಿಗೆ ಅಂತ ಕಮಿಟಿಯವರ ಹತ್ತಿರ ಕೇಳಿದ್ದೇವೆ. ಆಗಲಿ ಅಂದಿದ್ದಾರೆ. ಅವಳು ಇನ್ನು ನಾಲ್ಕು ಜನರನ್ನು ಹುಡುಕಿಕೊಳ್ಳಬೇಕು. ನಿಮ್ಮ ಮನೆಯಲ್ಲಿ ಸೂಜಿ ಹಿಡಿಯುವವರು ಇದ್ದರೆ ನಿಮ್ಮ ಜಮಾಅತಿನವರ ಹತ್ತಿರವೂ ಒಂದು ಮೇಜು ಕೇಳಿ.